ಹಾಲು, ಹಾಳು ಮತ್ತು ಮಂಗನ ಕಾಯಿಲೆ

ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಹೆಸರು ಜಗತ್ತಿನ ವೈದ್ಯಕೀಯ ಪುಸ್ತಕಗಳಲ್ಲಿದೆ, ಬೀಗುವಂಥ ಕಾರಣಕ್ಕಲ್ಲ. 1957ರಲ್ಲಿ ಅಲ್ಲಿ ಮಂಗಗಳು ಸತ್ತು ಬೀಳತೊಡಗಿದಾಗ, ಹಳದಿ ಜ್ವರವೇ ಭಾರತಕ್ಕೆ ಬಂತೇನೋ ಎಂಬ ಭಯ ಹುಟ್ಟಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಹುಡುಕಿದಾಗ ಸಿಕ್ಕಿದ್ದು ಹೊಸದೊಂದು ವೈರಸ್ಸು, ಅದನ್ನು ಹೊತ್ತು ತಿರುಗುವ ಉಣುಗು. ಊರವರಿಗೆ ಅದು ಮಂಗನ ಕಾಯಿಲೆ. (‘ಖಾಯಿಲೆ’ ಎಂದು ಬರೆಯುವವರೂ ಇದ್ದಾರೆ. ಆ ಮಹಾಪ್ರಾಣದಿಂದ ನನಗೆ ಮುಂದೆ ಕೆಲಸವಿದೆ.)

ಈ ಜ್ವರದಿಂದ ಹೆಚ್ಚಿನವರು ಎದ್ದು ಬರುತ್ತಾರೆ. ಕೆಲವರಿಗೆ ರಕ್ತಸ್ರಾವವಾಗುತ್ತದೆ, ನೂರಕ್ಕೆ 3ರಿಂದ 5 ಮಂದಿ ಉಳಿಯುವುದಿಲ್ಲ. ಒಂದೇ ಕಾಡಿನ ತರಗೆಲೆ ಗುಡಿಸಿದವರಲ್ಲಿ ಯಾಕಿಷ್ಟು ವ್ಯತ್ಯಾಸ? ವಯಸ್ಸು, ಆರೈಕೆ ಸಿಕ್ಕ ಹೊತ್ತು ಇವುಗಳ ಜೊತೆಗೆ ವಂಶವಾಹಿಯ ಕಡೆಗೂ ಕಣ್ಣು ಹೋಗುವುದು ಸಹಜ.

ನಮ್ಮ ಜೀವಕೋಶಗಳೊಳಗೆ ವೈರಸ್ಸಿನ ಆರ್‌ಎನ್‌ಎ ಗುರುತಿಸಿ ಕೂಗು ಹಾಕುವ ಟಿಎಲ್‌ಆರ್3 ಎಂಬ ಕಾವಲು ಪ್ರೋಟೀನು ಇದೆ. 904 ಅಮೈನೋ ಆಮ್ಲಗಳ ಸರ. ಅದರಲ್ಲೊಂದು ಬದಲಾದರೆ ಏನಾದೀತು? ‘ಹಾಲು’ ‘ಹಾಳು’ ಆದರೆ ಅರ್ಥವೇ ಕೆಡುತ್ತದೆ. ‘ಕಾಯಿಲೆ’ ‘ಖಾಯಿಲೆ’ ಆದರೆ ಯಾರಿಗೂ ತೊಂದರೆಯಿಲ್ಲ. ಯಾವುದು ಯಾವ ಬಗೆಯದು ಎಂದು ಕಂಪ್ಯೂಟರ್ ಊಹಿಸುತ್ತದೆ. 2001ರಲ್ಲಿ ಬಂದ ಸಿಫ್ಟ್ ತಂತ್ರಾಂಶದ ಉಪಾಯ ಸರಳ: ಅದೇ ಪ್ರೋಟೀನನ್ನು ಬೇರೆ ಬೇರೆ ಪ್ರಾಣಿಗಳಲ್ಲಿ ಹೋಲಿಸಿ ನೋಡು; ಕೋಟ್ಯಂತರ ವರ್ಷ ಅಲುಗದೆ ಉಳಿದ ಜಾಗದಲ್ಲಿ ಬದಲಾವಣೆ ಕಂಡರೆ ಅನುಮಾನಿಸು. ಪಾಲಿಫೆನ್ ಎಂಬ ಇನ್ನೊಂದು ತಂತ್ರಾಂಶ ಪ್ರೋಟೀನಿನ ಆಕಾರವನ್ನೂ ತೂಗುತ್ತದೆ.

ಆದರೆ ‘ಹಾನಿಕರ’ ಎಂಬ ಷರಾ ಯಾರಿಗೆ ಹಾನಿ ಎಂದು ಹೇಳುವುದಿಲ್ಲ. ಟಿಎಲ್‌ಆರ್3ರ 412ನೇ ಜಾಗದಲ್ಲಿ ಲ್ಯೂಸಿನ್ ಬದಲು ಫೀನೈಲ್‌ಅಲನೈನ್ ಬಂದರೆ ಕಾವಲುಗಾರನ ದನಿ ಕುಗ್ಗುತ್ತದೆ ಎಂದು ಪ್ರಯೋಗಾಲಯದಲ್ಲೇ ಕಂಡಿದೆ. ಮಂಗನ ಕಾಯಿಲೆಯ ದಾಯಾದಿಯಾದ, ಉಣುಗಿನಿಂದಲೇ ಬರುವ ಯುರೋಪಿನ ಮಿದುಳು ಜ್ವರವನ್ನು ಲಿಥುವೇನಿಯಾದಲ್ಲಿ ಪರೀಕ್ಷಿಸಿದವರಿಗೆ 2011ರಲ್ಲಿ ಸಿಕ್ಕಿದ್ದು ತಲೆಕೆಳಗಾದ ಉತ್ತರ: ರೋಗಿಗಳಲ್ಲಿ ಸರಿಯಾದ ವಂಶವಾಹಿಯೇ ಹೆಚ್ಚು. ಕಾವಲುಗಾರನ ಕೂಗಾಟವೇ ಉರಿಯೂತ ಎಬ್ಬಿಸಿ ಮಿದುಳಿನ ಬಾಗಿಲು ತೆಗೆಸಿರಬಹುದು. ಸಿಸಿಆರ್5 ಎಂಬ ಇನ್ನೊಂದು ವಂಶವಾಹಿಯದು ಇದರ ಪ್ರತಿಬಿಂಬ. 32 ಅಕ್ಷರ ಕಳೆದುಕೊಂಡ ಆ ವಂಶವಾಹಿ ಎಚ್‌ಐವಿಗೆ ತಡೆಯೊಡ್ಡುತ್ತದೆ, ಅದೇ ಮಿದುಳು ಜ್ವರದ ರೋಗಿಗಳಲ್ಲಿ ಮಾತ್ರ ಹೆಚ್ಚಾಗಿ ಕಂಡಿದೆ.

ಲಿಥುವೇನಿಯಾದ ರಕ್ತ ಮಲೆನಾಡಿನದಲ್ಲ. 10,000 ಭಾರತೀಯರ ಜೀನೋಮ್ ಓದಿದ ಯೋಜನೆಯ ದತ್ತಾಂಶ 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆದಿದೆ. ನಮ್ಮ ಅಕ್ಷರಗಳನ್ನು ನಮ್ಮಲ್ಲೇ ಹುಡುಕಲು ಅದು ಆರಂಭ. ಸದ್ಯ ಬೇಸಿಗೆಯಲ್ಲಿ ಜ್ವರ ಹೊತ್ತು ಬಂದವರನ್ನು ಆಸ್ಪತ್ರೆಯಲ್ಲಿ ಮೊದಲು ಕೇಳಬೇಕಾದದ್ದು 412ನೇ ಅಕ್ಷರವನ್ನಲ್ಲ: “ಯಾವ ಕಡೆ ಕಾಡಿಗೆ ಹೋಗಿದ್ರಿ? ಹತ್ರದಲ್ಲಿ ಮಂಗ ಏನಾದ್ರೂ ಸತ್ತಿತ್ತಾ?”