ಗೋದಲಿ ಬರಿದಾದ ಮನೆಯಲ್ಲಿ

2022ರಲ್ಲಿ ಚರ್ಮಗಂಟು ರೋಗವು ಹಾವೇರಿ ಸೀಮೆಯ ಕೊಟ್ಟಿಗೆಗಳನ್ನು ಹೊಕ್ಕಾಗ, ಸತ್ತ ಎತ್ತಿಗೆ 30,000, ಹಸುವಿಗೆ 20,000 ರೂಪಾಯಿ ಪರಿಹಾರವನ್ನು ಸರಕಾರವು ಘೋಷಿಸಿತು. ದುಃಖದ ಪಾಲು ಮಾತ್ರ ಮನೆಯವರಿಗೇ ಉಳಿಯಿತು. ರಾಣೆಬೆನ್ನೂರು, ಬ್ಯಾಡಗಿ ಕಡೆಯಲ್ಲಿ ದೀಪಾವಳಿಗೆ ಕೊಬ್ಬರಿ ಹಾರ ಹೊತ್ತು ಓಡಿದ ಹೋರಿ ತೀರಿದರೆ ಮೆರವಣಿಗೆ ಮಾಡಿ ಮಣ್ಣು ಮಾಡುವರು. ಅತಿಯಾಯಿತೆನ್ನುವವರುಂಟು, ನಾವಂತೂ ಅದನ್ನು ಮನಸ್ಸಿನ ಮದ್ದೆಂದೇ ಬಗೆಯುತ್ತೇವೆ. ಕಷ್ಟವಿರುವುದು ಮರುದಿನ. ನಸುಕಿನಲ್ಲಿ ಮೇವು ಹಾಕಲೆದ್ದ ಹಿರಿಯರು ಬರಿದಾದ ಗೋದಲಿಯೆದುರು ನಿಂತಾಗ ಬಳಿಯಲ್ಲಿ ಒಬ್ಬರಿರಬೇಕು. ‘ಇನ್ನೊಂದು ತಂದರಾಯಿತು’ ಎನ್ನಬಾರದು. ಅದರ ಹೆಸರು ಹಿಡಿದೇ ಮಾತನಾಡಿಸಿರಿ, ಅತ್ತರೆ ಅಳಲಿ. ಮಕ್ಕಳಿಗೆ ‘ಮಾರಿದೆವು’ ಎಂದು ಸುಳ್ಳಾಡದೆ ಸತ್ತಿತೆಂದೇ ತಿಳಿಸಿರಿ. ಎರಡು ವಾರ ಕಳೆದರೂ ಊಟ, ನಿದ್ರೆ ಸರಿಹೋಗದಿದ್ದರೆ ವೈದ್ಯರಲ್ಲಿಗೆ ಕರೆದೊಯ್ಯಿರಿ. 14416ಕ್ಕೆ ಕರೆ ಮಾಡಿದರೆ ಟೆಲಿ ಮಾನಸ್‌ನವರು ಶುಲ್ಕವಿಲ್ಲದೆ, ಕನ್ನಡದಲ್ಲಿಯೇ ಮಾತನಾಡುವರು.