ಒಂದು ಪುಟ ಅಂದರೆ ಎಷ್ಟು ಪುಟ?

2017ರಲ್ಲಿ ಆಸ್ಟ್ರೇಲಿಯಾದ ಗ್ರಾಹಕ ಸಂಘಟನೆ ‘ಚಾಯ್ಸ್’ ಒಬ್ಬ ನಟನನ್ನು ಗೊತ್ತುಮಾಡಿ, ಅಮೆಜಾನ್ ಕಿಂಡಲ್‌ನ ಷರತ್ತುಗಳನ್ನು ಗಟ್ಟಿಯಾಗಿ ಓದಿಸಿತು. ಓದಿ ಮುಗಿಸುವ ಹೊತ್ತಿಗೆ ಸುಮಾರು 9 ಗಂಟೆ ಕಳೆದಿತ್ತು. ಪದಗಳ ಲೆಕ್ಕ 73,198. ಪುಟಕ್ಕೆ 250 ಪದದಂತೆ ಅಚ್ಚು ಹಾಕಿದರೆ 290 ಪುಟ ದಾಟುತ್ತದೆ. ಅಂದರೆ ಕಿಂಡಲ್ ಕೊಂಡವರು ಮೊದಲ ಪುಸ್ತಕ ತೆರೆಯುವ ಮುಂಚೆಯೇ ಒಂದು ಕಾದಂಬರಿಯಷ್ಟು ಉದ್ದದ ಕರಾರಿಗೆ ತಲೆಯಾಡಿಸಿರುತ್ತಾರೆ.

ಕಾಗದದ ಕರಾರಿಗೆ ಒಂದು ಅಂಚಿತ್ತು. ಛಾಪಾ ಕಾಗದ, ಹಾಳೆ ಹಾಳೆಗೂ ಸಹಿ, ಕಡೆಯಲ್ಲಿ ಸಾಕ್ಷಿಗಳ ರುಜು. ಎಲ್ಲಿ ಶುರು, ಎಲ್ಲಿ ಮುಗಿಯಿತು ಎಂಬುದು ಓದು ಬಾರದವನಿಗೂ ಕಾಣುತ್ತಿತ್ತು. ವೆಬ್ ಪುಟದ ಅಂಚು ಎಲ್ಲಿದೆ? ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂ 2008ರ ತನ್ನ ಸುಗಮ್ಯತಾ ಮಾರ್ಗಸೂಚಿಯಲ್ಲಿ ಇದಕ್ಕೊಂದು ವ್ಯಾಖ್ಯೆ ಕೊಟ್ಟಿದೆ. ಅದರ ಸಾರ ಇಷ್ಟು: ಒಂದು ವಿಳಾಸದಿಂದ ಬರುವ ಮೂಲ ಕಡತ, ಜೊತೆಗೆ ಅದನ್ನು ತೆರೆಯ ಮೇಲೆ ಮೂಡಿಸಲು ಬೇಕಾಗುವ ಉಳಿದೆಲ್ಲವೂ ಸೇರಿ ಒಂದು ಪುಟ. 2012ರಲ್ಲಿ ಆ ಮಾರ್ಗಸೂಚಿ ಅಂತರರಾಷ್ಟ್ರೀಯ ಮಾನಕವಾಯಿತು. ಅದರ ಮುಂದಿನ ಆವೃತ್ತಿಯನ್ನು 2024ರಲ್ಲಿ ಅಮೆರಿಕದ ನ್ಯಾಯ ಇಲಾಖೆ ತನ್ನ ರಾಜ್ಯ ಹಾಗೂ ಸ್ಥಳೀಯ ಸರ್ಕಾರಗಳ ಜಾಲತಾಣಗಳಿಗೆ ಕಡ್ಡಾಯ ಮಾಡಿತು.

ಆ ‘ಉಳಿದೆಲ್ಲವೂ’ ಎಷ್ಟು? ಲಕ್ಷಾಂತರ ತಾಣಗಳನ್ನು ಅಳೆಯುವ ಎಚ್‌ಟಿಟಿಪಿ ಆರ್ಕೈವ್‌ನ 2024ರ ಲೆಕ್ಕದಂತೆ, ಕಂಪ್ಯೂಟರಿನಲ್ಲಿ ತೆರೆಯುವ ಸಾಧಾರಣ ಮುಖಪುಟವೊಂದು 70ರ ಆಸುಪಾಸಿನಷ್ಟು ಕೋರಿಕೆಗಳನ್ನು ಕಳಿಸಿ, ಸುಮಾರು 2.6 ಎಂಬಿಯಷ್ಟು ಸಾಮಗ್ರಿಯನ್ನು ತರಿಸಿಕೊಳ್ಳುತ್ತದೆ. ನಾವು ‘ಒಂದು ಪುಟ’ ಎನ್ನುವುದು ತಂತ್ರಜ್ಞರ ಲೆಕ್ಕದಲ್ಲಿ 70 ಚೂರುಗಳ ಜೋಡಣೆ.

ಕರಾರು ಬರೆಯುವ ವಕೀಲರು ಇನ್ನೂ ಮುಂದೆ ಹೋಗುತ್ತಾರೆ. ಅವರ ‘ಸೈಟ್’ ಎಂಬುದರೊಳಗೆ ತಾಣ, ಆ್ಯಪ್, ಸೇವೆ, ಅಂಗಸಂಸ್ಥೆ ಎಲ್ಲವೂ ಬಂದುಬಿಡುತ್ತವೆ. ‘ನಮ್ಮ ಖಾಸಗಿತನ ನೀತಿಯೂ ಈ ಕರಾರಿನ ಭಾಗ’ ಎಂಬ ಒಂದು ಸಾಲು, ಅದರಡಿ ಒಂದು ನೀಲಿ ಲಿಂಕ್. ಅದನ್ನು ಒತ್ತಿದರೆ ಇನ್ನೊಂದು ದಸ್ತಾವೇಜು, ಅದರೊಳಗೆ ಮತ್ತಷ್ಟು ಲಿಂಕ್. ತೆರೆಯ ಮೇಲೆ ಕಾಣುವುದು ಒಂದು ಚೌಕ, ಒಂದು ಗುಂಡಿ. ಒಪ್ಪಿಗೆ ಮಾತ್ರ ಇಡೀ ಸರಪಣಿಗೆ.

ಇದನ್ನೆಲ್ಲ ಓದುತ್ತ ಕೂತರೆ? 2008ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಅಲೀಷಿಯಾ ಮೆಕ್‌ಡೊನಾಲ್ಡ್ ಮತ್ತು ಲಾರಿ ಕ್ರೇನರ್ ಈ ಲೆಕ್ಕ ಹಾಕಿದರು. ಅಮೆರಿಕದ ಒಬ್ಬ ಬಳಕೆದಾರ ವರ್ಷವಿಡೀ ಭೇಟಿ ಕೊಡುವ ತಾಣಗಳ ಖಾಸಗಿತನ ನೀತಿಗಳನ್ನಷ್ಟೇ ಓದಲು ಸುಮಾರು 201 ಗಂಟೆ ಬೇಕು. ದಿನಕ್ಕೆ 8 ಗಂಟೆಯಂತೆ 25 ದಿನದ ದುಡಿಮೆ. ಇಡೀ ದೇಶ ಓದಲು ಕೂತರೆ ಆ ಹೊತ್ತಿನ ಬೆಲೆ ವರ್ಷಕ್ಕೆ 781 ಬಿಲಿಯನ್ ಡಾಲರ್. ಮನೆ ಮನೆಗೆ ಸ್ಮಾರ್ಟ್‌ಫೋನ್ ಬರುವುದಕ್ಕೆ ಮುಂಚಿನ ಲೆಕ್ಕ ಇದು. 2016ರಲ್ಲಿ ನಾರ್ವೆಯ ಗ್ರಾಹಕ ಮಂಡಳಿ 33 ಆ್ಯಪ್‌ಗಳ ಷರತ್ತುಗಳನ್ನು ಸರದಿಯಲ್ಲಿ ಓದಿಸಿ ನೇರಪ್ರಸಾರ ಮಾಡಿತು. ಅದಕ್ಕೆ ಹಿಡಿದದ್ದು ಸುಮಾರು 32 ಗಂಟೆ.

ಓದುವವರಂತೂ ಇಲ್ಲ. ಬ್ರಿಟನ್ನಿನ ವೈಫೈ ಕಂಪನಿ ‘ಪರ್ಪಲ್’ 2017ರಲ್ಲಿ ತನ್ನ ಷರತ್ತುಗಳ ನಡುವೆ ತಮಾಷೆಗೆ ಒಂದು ಕಲಂ ಸೇರಿಸಿತು: ಉಚಿತ ವೈಫೈಗೆ ಬದಲಾಗಿ ಉತ್ಸವಗಳಲ್ಲಿ ಶೌಚಾಲಯ ತೊಳೆಯುವುದೇ ಮೊದಲಾದ 1,000 ಗಂಟೆಗಳ ಸಮುದಾಯ ಸೇವೆ. ಎರಡು ವಾರದಲ್ಲಿ 22,000 ಮಂದಿ ಒಪ್ಪಿದರು. ಕಲಂ ಗಮನಿಸಿ ಹೇಳಿದವರು ಒಬ್ಬರೇ ಒಬ್ಬರು. ಗುಣಿಸಿ ನೋಡಿ, 2.2 ಕೋಟಿ ಗಂಟೆ. ಒಬ್ಬನೇ ಹಗಲಿರುಳು ತೊಳೆಯುತ್ತ ಹೋದರೆ 2,511 ವರ್ಷ. ಬುದ್ಧನ ಕಾಲದ ಸುಮಾರಿಗೆ ಪೊರಕೆ ಹಿಡಿದಿದ್ದರೆ ಈಚೆಗೆ ಕೆಲಸ ಮುಗಿಯುತ್ತಿತ್ತು.

ಇನ್ನೊಂದು ಪ್ರಯೋಗದಲ್ಲಿ ಜೊನಾಥನ್ ಓಬಾರ್ ಮತ್ತು ಆನ್ ಓಲ್ಡಾರ್ಫ್-ಹರ್ಷ್ ಎಂಬ ಸಂಶೋಧಕರು ಕಾಲ್ಪನಿಕ ಸಾಮಾಜಿಕ ಜಾಲತಾಣವೊಂದನ್ನು ಕಟ್ಟಿ 543 ವಿದ್ಯಾರ್ಥಿಗಳನ್ನು ಕರೆದರು. ಶುಲ್ಕದ ಬದಲು ಚೊಚ್ಚಲ ಮಗುವನ್ನು ಕಂಪನಿಗೆ ಒಪ್ಪಿಸಬೇಕು ಎಂಬ ಷರತ್ತು ಅದರಲ್ಲಿತ್ತು. ಓದಲು 15 ನಿಮಿಷವಾದರೂ ಬೇಕಿದ್ದ ಆ ಷರತ್ತುಗಳ ಮೇಲೆ ಅವರು ಕಣ್ಣಾಡಿಸಿದ್ದು ಸರಾಸರಿ 51 ಸೆಕೆಂಡ್. 98% ಮಂದಿಗೆ ಆ ಷರತ್ತು ಕಾಣಲೇ ಇಲ್ಲ.

ಹಾಗಾದರೆ ಓದದ ಕರಾರಿಗೂ ನಾವು ಬದ್ಧರೇ? ಬಹುಮಟ್ಟಿಗೆ ಹೌದು; ಓದಲು ಅವಕಾಶವಿತ್ತೇ ಎಂಬುದನ್ನು ಮಾತ್ರ ನ್ಯಾಯಾಲಯ ಕೇಳುತ್ತದೆ. ಈ ವಿಚಾರದಲ್ಲಿ 2002ರ ಸ್ಪೆಕ್ಟ್ ವಿರುದ್ಧ ನೆಟ್‌ಸ್ಕೇಪ್ ಪ್ರಕರಣ ಹೆಸರುವಾಸಿ. ನೆಟ್‌ಸ್ಕೇಪ್ ಕಂಪನಿಯ ತಂತ್ರಾಂಶದ ಡೌನ್‌ಲೋಡ್ ಗುಂಡಿ ತೆರೆಯ ಮೇಲೇ ಇತ್ತು, ಷರತ್ತಿನ ಲಿಂಕ್ ಕೆಳಕ್ಕೆ ಸರಿಸಿದರೆ ಮಾತ್ರ ಸಿಗುತ್ತಿತ್ತು. ಕಾಣದ ತೆರೆಯಲ್ಲಿ ಹುದುಗಿದ್ದ ಷರತ್ತಿಗೆ ಬಳಕೆದಾರರು ಬದ್ಧರಲ್ಲ ಎಂದು ನ್ಯಾಯಾಲಯ ತೀರ್ಮಾನಿಸಿತು. ಆ ತೀರ್ಪು ಬರೆದವರು ಸೋನಿಯಾ ಸೊಟೊಮೇಯರ್. ಮುಂದೆ ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾದರು. ಕರಾರಿನ ಹಣೆಬರಹ ಅಲ್ಲಿ ನಿರ್ಧಾರವಾದದ್ದು ಗುಂಡಿಯ ಜಾಗದ ಮೇಲೆ.

ಲಿಂಕ್ ಕಣ್ಣಿಗೆ ಬಿದ್ದರಷ್ಟೇ ಸಾಲದು, ಅದು ಉಳಿಯಲೂಬೇಕು. ಕಾನೂನಿನವರು ಉಲ್ಲೇಖಿಸುವ ಪುಟಗಳಿಗೂ ಆಯುಷ್ಯ ಕಡಿಮೆ. ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪುಗಳಲ್ಲಿ ಉಲ್ಲೇಖವಾದ ಲಿಂಕ್‌ಗಳ ಪೈಕಿ ಅರ್ಧದಷ್ಟು ಮೂಲ ಮಾಹಿತಿಗೆ ಕರೆದೊಯ್ಯುವುದಿಲ್ಲ ಎಂದು ಹಾರ್ವರ್ಡ್‌ನ ಅಧ್ಯಯನವೊಂದು 2014ರಲ್ಲಿ ತೋರಿಸಿತು. ತೀರ್ಪು ಉಳಿದಿದೆ, ಆಧಾರ ಹೋಗಿದೆ. ಒಪ್ಪಿದ ದಿನದ ಕರಾರಿನ ಪ್ರತಿ ಉಳಿಸಿಕೊಳ್ಳದ ಗ್ರಾಹಕರ ಪಾಡೂ ಅದೇ.

ನಮ್ಮಲ್ಲಿ 1872ರ ಕರಾರು ಕಾಯಿದೆಯೇ ಇಂದಿಗೂ ಬುನಾದಿ. ಎಲೆಕ್ಟ್ರಾನಿಕ್ ರೂಪದಲ್ಲಿದೆ ಎಂಬ ಒಂದೇ ಕಾರಣಕ್ಕೆ ಕರಾರು ಅಸಿಂಧುವಾಗದು ಎನ್ನುತ್ತದೆ ಮಾಹಿತಿ ತಂತ್ರಜ್ಞಾನ ಕಾಯಿದೆಯ 10ಎ ಕಲಂ. ಆದರೆ ಕನ್ನಡಿಗರು ನೆನಪಿಡಬೇಕಾದ ಸಂಖ್ಯೆ ಬೇರೆ: 22. ವೈಯಕ್ತಿಕ ದತ್ತಾಂಶಕ್ಕೆ ಸಮ್ಮತಿ ಕೇಳುವ ಕೋರಿಕೆ ಸರಳವಾಗಿರಬೇಕು, ಅದನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಲ್ಲಿ ಯಾವುದರಲ್ಲಾದರೂ ಓದುವ ಆಯ್ಕೆ ಇರಬೇಕು ಎನ್ನುತ್ತದೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ. ಆ 22ರಲ್ಲಿ ಕನ್ನಡವೂ ಒಂದು. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಹೊರಬಿದ್ದಿವೆ. ಹಂತ ಹಂತವಾಗಿ ಜಾರಿಗೆ ಬರುತ್ತಿವೆ.

ಇನ್ನು ಮುಂದೆ ‘ಒಪ್ಪಿದ್ದೇನೆ’ ಎಂಬ ಗುಂಡಿ ಎದುರಾದಾಗ ಎಲ್ಲವನ್ನೂ ಓದಲು ಯಾರಿಗೂ ಪುರುಸೊತ್ತಿರುವುದಿಲ್ಲ, ಸರಿ. ಕನ್ನಡದ ಆಯ್ಕೆ ಇದೆಯೇ ಎಂದಾದರೂ ನೋಡಿ. ಇಲ್ಲದಿದ್ದರೆ ಆ ಕಂಪನಿಗೆ ಬರೆದು ಕೇಳಿ. ಕೇಳುವವರಿಲ್ಲದಿದ್ದರೆ ಈ ಹಕ್ಕೂ ಓದದ ಪುಟಗಳ ರಾಶಿಗೇ ಸೇರುತ್ತದೆ.