ಮುಂದಿನ ಸಲ ಎಂಬ ಮಾತು

ಹಾಡು ಕೇಳಲು ಮನುಷ್ಯನು ಊರು ಬಿಟ್ಟು ಏಕೆ ಹೋಗಬೇಕು? ಹಿಂದೆ ಕ್ಯಾಸೆಟ್ಟು ಮನೆಯಲ್ಲಿತ್ತು, ಇಂದು ಮೊಬೈಲು ಜೇಬಿನಲ್ಲಿದೆ. ಆದರೂ ಮೆಚ್ಚಿದ ಗಾಯಕನನ್ನು ಕಣ್ಣೆದುರು ಕಾಣಬೇಕೆಂದು ಬಸ್ಸು ಹತ್ತುವವರು ಇದ್ದೇ ಇದ್ದಾರೆ. ಅಂಥ ಒಬ್ಬರು ನಮ್ಮ ಆನೇಕಲ್ಲಿನವರು. ಬೊಮ್ಮಸಂದ್ರದ ಕಾರ್ಖಾನೆಯೊಂದರಲ್ಲಿ ದುಡಿದು ಈಗ ನಿವೃತ್ತರಾಗಿದ್ದಾರೆ. ಸಿ. ಅಶ್ವಥ್ ಅವರ ಕಂಠವೆಂದರೆ ಅವರಿಗೆ ಪ್ರಾಣ.

ಈ ಅಭಿಮಾನಕ್ಕೆ ವಿಶೇಷ ಕಾರಣವೊಂದಿತ್ತು. ಚನ್ನರಾಯಪಟ್ಟಣದಲ್ಲಿ 1939ರಲ್ಲಿ ಜನಿಸಿದ ಅಶ್ವಥ್ ಅವರು ಬೆಂಗಳೂರಿನ ಐ.ಟಿ.ಐ. ಕಾರ್ಖಾನೆಯಲ್ಲಿ 27 ವರ್ಷ ಸೇವೆ ಸಲ್ಲಿಸಿ 1992ರಲ್ಲಿ ನಿವೃತ್ತರಾದವರು. ಆ ದುಡಿಮೆಯ ನಡುವೆಯೇ ಅವರು ಶಿಶುನಾಳ ಶರೀಫರ ತತ್ತ್ವಪದಗಳನ್ನೂ ಕೆ.ಎಸ್. ನರಸಿಂಹಸ್ವಾಮಿಯವರ ಕವಿತೆಗಳನ್ನೂ ಕನ್ನಡಿಗರ ಮನೆಮನೆಗೆ ಮುಟ್ಟಿಸಿದರು. “ಅವರೂ ನಮ್ಮ ಹಾಗೆ ಕಾರ್ಖಾನೆಯ ಗೇಟು ದಾಟಿದವರು, ಸ್ವಾಮಿ” ಎಂದು ಈ ಮಿತ್ರರು ಹೆಮ್ಮೆಯಿಂದ ಹೇಳುತ್ತಿದ್ದರು.

2005ರ ಏಪ್ರಿಲ್ ತಿಂಗಳಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಅಶ್ವಥ್ ಅವರ ‘ಕನ್ನಡವೇ ಸತ್ಯ’ ಕಾರ್ಯಕ್ರಮ ನಡೆಯಿತು. ಹೊಸೂರು ರಸ್ತೆಯ ಮೇಲ್ಸೇತುವೆ ಆಗಿನ್ನೂ ಇರಲಿಲ್ಲ. ಚಂದಾಪುರಕ್ಕೆ ಒಂದು ಬಸ್ಸು, ಅಲ್ಲಿಂದ ನಗರಕ್ಕೆ ಇನ್ನೊಂದು, ಮೈದಾನಕ್ಕೆ ಮತ್ತೊಂದು. ಒಂದು ದಿನದ ಓವರ್‌ಟೈಮ್ ಬಿಟ್ಟು ಅವರು ಹೊರಟರು. ಪತ್ನಿಗೂ ಹೋಗುವ ಆಸೆಯಿತ್ತು. ಶರೀಫರ ಪದಗಳನ್ನು ದಿನವೂ ಗುನುಗುತ್ತಿದ್ದವರು, ಹಟ ಹಿಡಿದು ಆ ಕ್ಯಾಸೆಟ್ಟನ್ನು ಕೊಳ್ಳಿಸಿದವರು ಆಕೆಯೇ. ಆದರೆ ಮನೆಯಲ್ಲಿ ಅತ್ತೆ ಹಾಸಿಗೆ ಹಿಡಿದಿದ್ದರು. “ಮುಂದಿನ ಸಲ ನೀನು ಹೋಗುವೆಯಂತೆ” ಎಂದರು ಪತಿ. ಆಕೆ ಅಂಗಿಗೆ ಇಸ್ತ್ರಿ ಹಾಕಿ, ಚಿತ್ರಾನ್ನ ಕಟ್ಟಿ ಕಳುಹಿಸಿದರು.

ಮೈದಾನ ಜನಸಾಗರವಾಗಿತ್ತು. ಇವರು ನಿಂತ ಜಾಗದಿಂದ ಗಾಯಕರು ಬೆರಳಿನಷ್ಟು ಕಂಡರಂತೆ. ಧ್ವನಿ ಬಂದದ್ದೂ ಧ್ವನಿವರ್ಧಕದಿಂದಲೇ. ಹಾಗಿದ್ದಲ್ಲಿ ಕ್ಯಾಸೆಟ್ಟಿಗಿಂತ ಅಲ್ಲಿ ಹೆಚ್ಚಿನದೇನಿತ್ತು? ಜರ್ಮನಿಯ ಚಿಂತಕ ವಾಲ್ಟರ್ ಬೆಂಜಮಿನ್ 1935ರಲ್ಲಿಯೇ ಇದನ್ನು ವಿಚಾರಿಸಿದ್ದರು. ಎಷ್ಟೇ ಪರಿಪೂರ್ಣವಾದ ಪ್ರತಿಯಲ್ಲಿಯೂ ಕೃತಿಯ ‘ಇಲ್ಲಿ, ಈಗ’ ಎಂಬುದು ಇರುವುದಿಲ್ಲವೆಂಬುದು ಅವರ ವಾದ. ಕ್ಯಾಸೆಟ್ಟಿನ ಹಾಡು ಹಾಡಿ ಮುಗಿದದ್ದು. ವೇದಿಕೆಯ ಮೇಲಿನ ಹಾಡು ಇನ್ನೂ ಆಗಬೇಕಾದದ್ದು. ಗಾಯಕನ ಉಸಿರು ಅಲ್ಲಿ ತಪ್ಪಲೂಬಹುದು. ಹಾಡುವವನೂ ಕೇಳುವವನೂ ತಮ್ಮ ಆಯುಷ್ಯದ ಅದೇ ಒಂದು ಸಂಜೆಯನ್ನು ಅಲ್ಲಿ ಕೂಡಿ ಕಳೆಯುತ್ತಾರೆ.

ಆದರೂ ಪ್ರತಿಯನ್ನು ಹಳಿಯುವಂತಿಲ್ಲ. ಗದಗಿನ ಬಾಲಕ ಭೀಮಸೇನ ಜೋಶಿ 1933ರಲ್ಲಿ ಮನೆ ಬಿಟ್ಟು ರೈಲು ಹತ್ತಿದ್ದು ಅಬ್ದುಲ್ ಕರೀಂ ಖಾನರ ಗ್ರಾಮಫೋನ್ ತಟ್ಟೆಯನ್ನು ಕೇಳಿಯೇ. ಉತ್ತರ ಭಾರತವನ್ನೆಲ್ಲ ಅಲೆದು, ಕಡೆಗೆ ಅದೇ ಖಾನರ ಶಿಷ್ಯರಾದ ಕುಂದಗೋಳದ ಸವಾಯಿ ಗಂಧರ್ವರಲ್ಲಿ ಅವರು ಗುರುವನ್ನು ಕಂಡರು. ಬಾಯಾರಿಕೆ ಹುಟ್ಟಿಸಿದ್ದು ತಟ್ಟೆ, ನೀರು ಸಿಕ್ಕಿದ್ದು ಗುರುವಿನ ಎದುರಿನಲ್ಲಿ.

ಆ ರಾತ್ರಿ ನಮ್ಮ ಮಿತ್ರರಿಗೆ ಕೊನೆಯ ಬಸ್ಸು ತಪ್ಪಿತು. ಮೆಜೆಸ್ಟಿಕ್ ನಿಲ್ದಾಣದಲ್ಲಿ ಕುಳಿತು ಬೆಳಗು ಮಾಡಿದರು. ಮನೆ ಸೇರಿದಾಗ ಪತ್ನಿ ಒಂದೊಂದು ಹಾಡನ್ನೂ ಕೇಳಿ ಕೇಳಿ ಹೇಳಿಸಿಕೊಂಡರು. ಆಮೇಲೆ ವರ್ಷಗಳು ಉರುಳಿದವು. ‘ಮುಂದಿನ ಸಲ’ ಬರಲೇ ಇಲ್ಲ. 2009ರ ಡಿಸೆಂಬರ್ 29ರಂದು, ತಮ್ಮ ಎಪ್ಪತ್ತನೆಯ ಹುಟ್ಟುಹಬ್ಬದ ದಿನವೇ, ಅಶ್ವಥ್ ಅವರು ತೀರಿಕೊಂಡರು.

ಅಂದು ಪಾಳಿ ಮುಗಿಸಿ ಬಂದವರಿಗೆ ಪತ್ನಿ ಹೇಳಿದ್ದು ಇಷ್ಟೇ: “ನೀವು ಕೇಳಿದಿರಲ್ಲ, ಬಿಡಿ.” ಆ ಮಾತಿನಲ್ಲಿ ದೂರಿರಲಿಲ್ಲ. ಆದುದರಿಂದಲೇ ಅನ್ನ ಗಂಟಲಿನಲ್ಲಿ ಇಳಿಯಲಿಲ್ಲವೆಂದು ಅವರು ನನ್ನೊಡನೆ ಹೇಳಿಕೊಂಡರು.

ಪ್ರಿಯ ಓದುಗರೇ, ಅವರು ಹೋದದ್ದು ತಪ್ಪೆಂದು ನಾನು ಹೇಳಲಾರೆ. ಕಲೆಯ ಮೇಲಿನ ಪ್ರೀತಿ ದೊಡ್ಡದು. ಆದರೆ ಆ ಸಂಜೆ ಅರಮನೆ ಮೈದಾನದಲ್ಲಿ ಒಬ್ಬರು ನಿಲ್ಲಬೇಕಾದರೆ, ಆನೇಕಲ್ಲಿನ ಹಾಸಿಗೆಯೊಂದರ ಬಳಿ ಇನ್ನೊಬ್ಬರು ಕೂರಬೇಕಾಗಿತ್ತು. ‘ಇಲ್ಲಿ, ಈಗ’ ಎಂಬುದು ಅಲ್ಲಿಯೂ ಇತ್ತು. ಅದಕ್ಕೆ ಚಪ್ಪಾಳೆ ತಟ್ಟುವವರಿರಲಿಲ್ಲ. ನಮ್ಮ ಮನೆಗಳಲ್ಲಿ ‘ಮುಂದಿನ ಸಲ’ವನ್ನು ಸದಾ ಯಾರ ಪಾಲಿಗೆ ಹಾಕುತ್ತಿದ್ದೇವೆಂದು ಒಮ್ಮೆ ಯೋಚಿಸೋಣ.

2025ರ ಆಗಸ್ಟ್‌ನಲ್ಲಿ ಬೊಮ್ಮಸಂದ್ರದವರೆಗೆ ಮೆಟ್ರೊ ರೈಲು ಬಂದಿತು. ಆಮೇಲೊಂದು ಸಂಜೆ ಜಯನಗರದಲ್ಲಿ ತತ್ತ್ವಪದಗಳ ಗಾಯನವಿತ್ತು. ಈ ಸಲ ಮೊಮ್ಮಗುವನ್ನು ನೋಡಿಕೊಳ್ಳುತ್ತ ಮನೆಯಲ್ಲಿ ಉಳಿದವರು ಪತಿ. ಪತ್ನಿ ಮಗಳೊಡನೆ ಹೋಗಿ ಬಂದರು. ಹಾಡಿದವರು ಯಾರೆಂದು ನಾನು ವಿಚಾರಿಸಿದೆ. “ಯಾರೋ ಹೊಸ ಹುಡುಗಿ, ಸ್ವಾಮಿ. ಒಂದು ಕಡೆ ಪದ ಮರೆತುಬಿಟ್ಟಳು. ನಾನು ಎದುರಿಗೇ ಕೂತಿದ್ದೆನಲ್ಲ, ಹೇಳಿಕೊಟ್ಟೆ” ಎಂದು ಆಕೆ ನಕ್ಕರು.